ಎಂಟು ಕಾಲಿನ ಆಕಾಶವಾಣಿ

ಬಲ್ಬು ಹೋದರೆ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸದ್ದು ಮಾಡುವ ವಸ್ತು ಕೆಟ್ಟರೆ ಮಾತ್ರ ಮನೆಮಂದಿಯೆಲ್ಲ ಎಂಜಿನಿಯರುಗಳಾಗಿಬಿಡುತ್ತಾರೆ. ಸರ್ಕ್ಯೂಟು ನನ್ನ ಮೇಜಿನ ಮೇಲಿದ್ದರೂ ಅದರ ನರಳಾಟ ಅಡುಗೆಮನೆ ದಾಟಿ ಹಿತ್ತಲಿನವರೆಗೂ ಹೋಗುತ್ತದಲ್ಲ!

ಅಪ್ಪನ ಹಳೇ ವಾಲ್ವ್ ರೇಡಿಯೋ ಅಟ್ಟದ ಮೇಲಿತ್ತು. ಒಳಗಿನದನ್ನೆಲ್ಲ ಇಲಿಗಳೂ ಗುಜರಿಯವನೂ ಹಂಚಿಕೊಂಡಾಗಿತ್ತು. ಉಳಿದದ್ದು ಮರದ ಪೆಟ್ಟಿಗೆ, ಮುಂದಿನ ಬಟ್ಟೆ, ಎರಡು ತಿರುಗಣೆ. ಅದರೊಳಗೆ ಹೊಸ ಸ್ಪೀಕರು ಕೂರಿಸಿ, ಸದ್ದು ಹಿಗ್ಗಿಸುವ ಪುಟ್ಟದೊಂದು ಆಂಪ್ಲಿಫೈಯರ್ ಕಿಟ್ಟಿನ ಬೋರ್ಡು ಹಾಕಿ, ಮೊಬೈಲಿನ ಹಾಡು ಕೇಳೋಣ ಎಂದು ನನ್ನ ಲೆಕ್ಕಾಚಾರ. ಆರಿಸಿಕೊಂಡದ್ದು ಎಲ್‌ಎಂ386. 1970ರ ದಶಕದಿಂದ ಹವ್ಯಾಸಿಗಳ ಬೆರಳು ಸುಡುತ್ತ ಬಂದಿರುವ ಐಸಿ, ಅಂದರೆ ಚಿಪ್ಪು, ಅದು. ಎಂಟು ಕಾಲು, 9 ವೋಲ್ಟ್ ಕೊಟ್ಟರೆ ಅರ್ಧ ವಾಟಿನ ಆಸುಪಾಸು ಶಕ್ತಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಕೇಳಿದರೆ ಅಂಗಡಿಯವನು ತಲೆಯೆತ್ತದೆ, "ಒರಿಜಿನಲ್ ಬೇಕಾ ಸಾರ್, ಲೋಕಲ್ ಬೇಕಾ?" ಎಂದ. ಎರಡಕ್ಕೂ ಕೈ ಹೋದದ್ದು ಒಂದೇ ಡಬ್ಬಿಗೆ.

ಬೆಸುಗೆ ಮುಗಿಸಿ ಸ್ವಿಚ್ ಹಾಕಿದೆ. "ಗುಂಯ್..."

"ಫ್ರಿಜ್ ಯಾಕ್ರೀ ಹಿಂಗೆ ಕೂಗ್ತಿದೆ?" ಒಳಗಿನಿಂದ ಹೆಂಡತಿ.

"ಫ್ರಿಜ್ ಅಲ್ಲ, ನಾನು."

"ಅದೂ ಸರಿ ಹೋಗ್ಲಿ, ಸೀದ ವಾಸನೆ ಬೇರೆ ಬರ್ತಿದೆ."

ವಾಸನೆ ಬೆಸುಗೆಗೆ ಹಚ್ಚುವ ಫ್ಲಕ್ಸಿನದು. ಗುಂಯ್ ಎಂಬುದು ಬೆಸ್ಕಾಂ ಕೊಡುವ 50 ಹರ್ಟ್ಸ್ ಕರೆಂಟಿನ ಬಳುವಳಿ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಎಲಿಮಿನೇಟರ್ (ಅಡಾಪ್ಟರ್) ಅದನ್ನು ಡಿಸಿ ಮಾಡುವಾಗ ಪೂರ್ತಿ ಸಮ ಮಾಡದೆ, 100 ಹರ್ಟ್ಸಿನ ಅಲೆಯನ್ನು ಮೇಲೆ ತೇಲಿಸಿ ಕಳಿಸುತ್ತದೆ. ಎಲಿಮಿನೇಟರ್ ಮೇಲೆ 9 ವೋಲ್ಟ್ ಎಂದು ಬರೆದಿತ್ತು, ಮೀಟರು ಹಚ್ಚಿದರೆ 13 ತೋರಿಸಿತು. ಲೋಡ್ ಇಲ್ಲದಾಗ ಅಗ್ಗದ ಎಲಿಮಿನೇಟರುಗಳೆಲ್ಲ ಹೀಗೆಯೇ ಎದೆಯುಬ್ಬಿಸಿಕೊಂಡಿರುತ್ತವೆ, ಕೆಲಸ ಕೊಟ್ಟೊಡನೆ ಇಳಿಯುತ್ತವೆ. ಅದನ್ನು ಕಿತ್ತು 9 ವೋಲ್ಟಿನ ಚೌಕ ಬ್ಯಾಟರಿ ಸಿಕ್ಕಿಸಿದೆ. ಗುಂಯ್ ನಿಂತಿತು. ರೋಗಿ ಬದುಕಿದ್ದಾನೋ ಎಂದು ನೋಡಲು ಹಾಡು ಒಳಗೆ ಹೋಗುವ ಮೂರನೇ ಕಾಲಿಗೆ ಬೆರಳು ಮುಟ್ಟಿಸಿದೆ. ಸ್ಪೀಕರು "ಬುರ್ರ್" ಎಂದಿತು. ಬೆರಳಿಗೆ ಬುರ್ರ್ ಎಂದರೆ ಆಂಪ್ಲಿಫೈಯರ್ ಜೀವಂತ ಎಂದರ್ಥ. ಈ ಪರೀಕ್ಷೆಗೆ ಖರ್ಚಿಲ್ಲ, ಬ್ಯಾಟರಿಯಾದ್ದರಿಂದ ಭಯವೂ ಇಲ್ಲ.

ಹಾಡು ಹಾಕಿ ವಾಲ್ಯೂಮ್ ಏರಿಸಿದೆ. ಪಲ್ಲವಿ ಮುಗಿಯುವಷ್ಟರಲ್ಲಿ "ಡಬ್ ಡಬ್ ಡಬ್ ಡಬ್!"

"ಬುಲೆಟ್ ಸ್ಟಾರ್ಟ್ ಆಯ್ತು!" ಎಂದು ಮಗಳು ಓಡಿ ಬಂದಳು. ಪುಸ್ತಕಗಳಲ್ಲಿ ಇದನ್ನು ಮೋಟರ್‌ಬೋಟಿಂಗ್ ಎನ್ನುತ್ತಾರೆ. ಜೋರು ಮಳೆಯ ದಿನ ಬಿಟ್ಟರೆ ನಮ್ಮ ಬೀದಿಯಲ್ಲಿ ದೋಣಿ ಓಡುವುದಿಲ್ಲ, ಹಾಗಾಗಿ ಬುಲೆಟ್ಟೇ ಸರಿ. ಬ್ಯಾಟರಿ ಸೊರಗಿದಂತೆ ಅದರ ಒಳಗಿನ ರೆಸಿಸ್ಟೆನ್ಸ್ ಹೆಚ್ಚುತ್ತದೆ. ಐಸಿ ಒಮ್ಮೆಲೇ ಕರೆಂಟು ಎಳೆದಾಗ ವೋಲ್ಟೇಜು ಕುಸಿಯುತ್ತದೆ, ಕುಸಿದದ್ದೇ ಮತ್ತೆ ಇನ್‌ಪುಟ್ಟಿಗೆ ಸುದ್ದಿಯಾಗಿ ಹೋಗಿ ಐಸಿ ತಾನೇ ಬಡಿದುಕೊಳ್ಳತೊಡಗುತ್ತದೆ. ಕಿಟ್ಟಿನವರು ಕರೆಂಟು ಒಳಬರುವ ಆರನೇ ಕಾಲಿನ ಹತ್ತಿರ, ಈ ಕುಸಿತ ತಡೆಯುವ ದೊಡ್ಡ ಕೆಪಾಸಿಟರಿಗೆಂದು ಜಾಗವನ್ನೇನೋ ಬಿಟ್ಟಿದ್ದರು, ಕೆಪಾಸಿಟರ್ ಕೊಟ್ಟಿರಲಿಲ್ಲ. ಡಬ್ಬಿ ಕೆದಕಿ 470 ಮೈಕ್ರೋಫ್ಯಾರಡಿನದೊಂದು ಹುಡುಕಿ ಹಾಕಿದೆ. ಬುಲೆಟ್ ಆಫ್ ಆಯಿತು. ಮಗಳು ಬೇಸರಪಟ್ಟುಕೊಂಡು ಹೋದಳು.

ಅಸಲಿ ಮಜಾ ಶುರುವಾದದ್ದು ಅದೇ ಸಂಜೆ. ಮೊಬೈಲ್ ಕಿತ್ತಿಟ್ಟು, ಸದ್ದಡಗಿತಲ್ಲ ಎಂದು ಟೀ ಕುಡಿಯುತ್ತ ಕೂತಿದ್ದೆ. ಪೆಟ್ಟಿಗೆಯೊಳಗಿಂದ ಒಬ್ಬರು ತಣ್ಣಗೆ ಟೊಮೆಟೊ ಎಲೆ ಮುರುಟು ರೋಗದ ವಿಷಯ ಮಾತಾಡತೊಡಗಿದರು. ನಾನು ಫೋನ್ ನೋಡಿದೆ. ಆಫ್. ಟೀವಿ ನೋಡಿದೆ. ಅದೂ ಆಫ್. ಪೆಟ್ಟಿಗೆಯೊಳಗಿನ ಮಹನೀಯರು ಮಾತ್ರ ರೈತ ಬಾಂಧವರಿಗೆ ಬಿಳಿನೊಣದ ಬಗ್ಗೆ ಎಚ್ಚರಿಕೆ ಕೊಡುತ್ತಲೇ ಇದ್ದರು.

ಕೋಣೆಯಿಂದ ಅಪ್ಪ ಎದ್ದು ಬಂದರು. ಮುಖ ಅರಳಿತ್ತು. "ಲೇ, ರೇಡಿಯೋ ರಿಪೇರಿ ಮಾಡ್ಬಿಟ್ಯಲ್ಲೋ!"

"ಇಲ್ಲಪ್ಪ, ಇದು ಕೆಟ್ಟಿರೋದು."

"ಕೆಟ್ಟಿದ್ರೆ ಬೆಂಗಳೂರು ಸ್ಟೇಷನ್ ಹೆಂಗೋ ಬರುತ್ತೆ?"

ಬರುತ್ತದೆ. ಈ ಐಸಿಯ ಒಂದನೇ ಕಾಲಿಗೂ ಎಂಟನೇ ಕಾಲಿಗೂ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ 20 ಪಟ್ಟು ಇದ್ದ ವರ್ಧನೆ 200 ಪಟ್ಟಾಗುತ್ತದೆ. ನನ್ನ ಬೋರ್ಡಿನಲ್ಲಿ ಹಾಗೇ ಇತ್ತು. ಬೋರ್ಡಿನಿಂದ ವಾಲ್ಯೂಮ್ ತಿರುಗಣೆಗೆ ಹೋಗುವ ತಂತಿಯೋ ಮೊಳದುದ್ದ, ಮೇಲೆ ಹೊರಗಿನ ಅಲೆ ತಡೆಯುವ ಲೋಹದ ಹೊದಿಕೆ, ಅಂದರೆ ಶೀಲ್ಡ್, ಇಲ್ಲ. ಅದು ಆಂಟೆನಾ ಆಯಿತು. ಬೆಂಗಳೂರು ಸ್ಟೇಷನ್ನಿನ 612 ಕಿಲೋಹರ್ಟ್ಸಿನ ಅಲೆ ಹತ್ತಿ ಬಂತು, ಐಸಿಯ ಬಾಗಿಲಲ್ಲೇ ಇರುವ ಟ್ರಾನ್ಸಿಸ್ಟರ್ ಯಾರೂ ಹೇಳದಿದ್ದರೂ ಅಲೆಯಿಂದ ಮಾತು ಬಿಡಿಸುವ ಡಿಟೆಕ್ಟರ್ ಕೆಲಸ ಮಾಡಿತು. ಈ ಐಸಿಯ ಡೇಟಾಶೀಟಿನಲ್ಲೇ ಎಎಂ ರೇಡಿಯೋದ ಸರ್ಕ್ಯೂಟೊಂದಿದೆ, ಆದರೆ ಸ್ಟೇಷನ್ ಹಿಡಿಯುವ ಭಾಗ ಅಲ್ಲಿ ಬೇರೆಯಾಗಿರುತ್ತದೆ. ನಮ್ಮದು ಎಲ್ಲವನ್ನೂ ಮೈಮೇಲೆ ಹಾಕಿಕೊಂಡಿತ್ತು.

ಇದನ್ನೆಲ್ಲ ಹೇಳುತ್ತಿದ್ದರೆ ಅಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿ ಹತ್ತಿರ ಇಟ್ಟು, ಮೆಲ್ಲಗೆ ಕಿಟಕಿಯತ್ತ ತಿರುಗಿಸಿದರು. ಟೊಮೆಟೊ ಸ್ಪಷ್ಟವಾಯಿತು. "ನೋಡಿದ್ಯಾ? ದಿಕ್ಕು ಗೊತ್ತಿರಬೇಕು ಕಣೋ," ಎಂದು ನನ್ನನ್ನು ನೋಡಿದರು. ಎಲೆಕ್ಟ್ರಾನಿಕ್ಸ್ ಕಲಿತವನು ನಾನು, ಮಾರ್ಕ್ಸು ಅವರಿಗೆ.

ಮರುದಿನ ಶೀಲ್ಡ್ ತಂತಿ ತಂದು ಹಾಕಿದೆ. ಇನ್‌ಪುಟ್ಟಿನಿಂದ ಗ್ರೌಂಡಿಗೆ, ರೇಡಿಯೋ ಅಲೆಯನ್ನು ಇಳಿಸಿಬಿಡಲು ಸಣ್ಣದೊಂದು ಡಿಸ್ಕ್ ಕೆಪಾಸಿಟರ್ ಸೇರಿಸಿದೆ. ಒಂದು-ಎಂಟರ ನಡುವಿನದನ್ನು ಕಿತ್ತೆ. ಹಾಡು ಬಂತು ನೋಡಿ, ಗುಂಯ್ ಇಲ್ಲ, ಡಬ್ ಇಲ್ಲ, ಎಲೆ ಮುರುಟು ಇಲ್ಲ. ಹೆಂಡತಿ ಕೂಡ ಸೌಟು ಹಿಡಿದುಕೊಂಡೇ ಬಂದು ನಿಂತು ಕೇಳಿದಳು. ಅಪ್ಪ ಒಂದು ಚರಣ ಕಾದರು.

"ಹಾಡು ಚೆನ್ನಾಗಿದೆ. ಸ್ಟೇಷನ್ ಎಲ್ಲಿ?"

"ತೆಗೆದೆನಪ್ಪ. ಅದೇ ಫಾಲ್ಟು."

"ತಾನಾಗಿ ಬರ್ತಿದ್ದಿದ್ದನ್ನ ಕಷ್ಟಪಟ್ಟು ಕೆಡಿಸಿದ್ಯಾ?"

ಮೊಬೈಲಿನ ಆ್ಯಪಿನಲ್ಲಿ ಆಕಾಶವಾಣಿ ಸ್ಫಟಿಕದಂತೆ ಬರುತ್ತದೆ ಎಂದು ಹಾಕಿ ತೋರಿಸಿದೆ. ಒಂದು ನಿಮಿಷ ಕೇಳಿ, ಗೊರಗೊರ ಇಲ್ಲದ್ದು ರೇಡಿಯೋನೇ ಅಲ್ಲ ಎಂದು ಎದ್ದು ಹೋದರು. ರಾತ್ರಿ ಊಟಕ್ಕೆ ಕೂತಾಗ ನನ್ನ ಜೊತೆ ಮಾತಿಲ್ಲ, ಸಾರು ಬೇಕಾದರೂ ಸೊಸೆಯನ್ನೇ ಕೇಳಿದರು.

ಕೊನೆಗೆ ಎಸ್.ಪಿ. ರೋಡಿಗೆ ಇನ್ನೊಂದು ಸಲ ಹೋಗಿ ಆರು ಕಾಲಿನ ಟಾಗಲ್ ಸ್ವಿಚ್ ತಂದೆ. ಈಚೆ ಹಾಕಿದರೆ ಸರಿಯಾದ ಆಂಪ್ಲಿಫೈಯರ್. ಆಚೆ ಹಾಕಿದರೆ ಡಿಸ್ಕ್ ಕೆಪಾಸಿಟರ್ ಹೊರಗೆ, ಹಳೇ 10 ಮೈಕ್ರೋಫ್ಯಾರಡ್ ಒಳಗೆ, ಜೊತೆಗೆ ಶೀಲ್ಡ್ ಇಲ್ಲದ ಮೊಳದುದ್ದ ತಂತಿ ಇನ್‌ಪುಟ್ಟಿಗೆ ಹಾಜರು. ದುಡ್ಡು ಕೊಟ್ಟು, ಬೆಸುಗೆ ಹಾಕಿ, ಫಾಲ್ಟನ್ನು ಮತ್ತೆ ಕೂರಿಸಿದ್ದಾಯಿತು.

ಅಪ್ಪ ಸ್ವಿಚ್ಚನ್ನು ಆಚೆ ತಳ್ಳಿದರು. ಗೊರಗೊರದ ನಡುವೆ ವಾರ್ತೆ ಬಂತು. ಪೂರ್ತಿ ಕೇಳಿ, ಪೆಟ್ಟಿಗೆಯನ್ನು ವಾಯುವ್ಯಕ್ಕೆ ತಿರುಗಿಸಿದರು. ತರೀಕೆರೆ ಕಡೆಯವರು, ದಿಕ್ಕು ಮರೆಯುವವರಲ್ಲ.

"ಬೆಂಗಳೂರು ಸರಿಹೋಯ್ತು. ಈಗ ಭದ್ರಾವತಿ ಹಾಕು. 675ರಲ್ಲಿರುತ್ತೆ ನೋಡು."