ನಾವು ಟಿವಿ ನೋಡಲ್ಲಪ್ಪ, ಆ್ಯಪ್ ನೋಡ್ತೇವೆ

ಮುಂಬೈಯಲ್ಲಿ ಕೇಬಲ್ ಕಿತ್ತು ಹಾಕಿಸಿದವರನ್ನು ಗುರುತು ಹಿಡಿಯುವುದು ಬಹಳ ಸುಲಭ. ಸಂಘದ ಕಾರ್ಯಕ್ರಮದಲ್ಲೋ ಮದುವೆ ಊಟದಲ್ಲೋ ಯಾರಾದರೂ ಸೀರಿಯಲ್ ಮಾತು ತೆಗೆದರೆ ಸಾಕು, "ಅಯ್ಯೋ, ನಾವು ಟಿವಿ ನೋಡೋದೇ ಇಲ್ಲಪ್ಪ" ಅನ್ನುತ್ತಾರೆ. ಹೇಳುವ ಧಾಟಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರ ಧಾಟಿ. ಅವರ ಮನೆಗೆ ಹೋದರೆ ಹಾಲ್‌ನ ಒಂದು ಗೋಡೆ ಪೂರ್ತಿ ಟಿವಿ. ಬೆಡ್‌ರೂಮಿನಲ್ಲಿ ಇನ್ನೊಂದು. ಅಡುಗೆ ಮನೆಯಲ್ಲಿ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಮೊಬೈಲ್, ಅದರಲ್ಲೂ ಯಾರೋ ಅಳುತ್ತಿರುತ್ತಾರೆ. ಆದರೆ ಅವರು ಟಿವಿ ನೋಡುವುದಿಲ್ಲ. ಆ್ಯಪ್ ನೋಡುತ್ತಾರೆ.

ಈಗಿನ ಮಕ್ಕಳಿಗೆ ಕೇಬಲ್ ಅಂದ್ರೆ ಏನು ಅಂತ ಹೇಳಿದರೆ ನಂಬುವುದಿಲ್ಲ. 1991ರಲ್ಲಿ ಸ್ಟಾರ್ ಬಂತು, 1992ರಲ್ಲಿ ಝೀ ಬಂತು, ಅದರ ಹಿಂದೆಯೇ ಒಂದು ಬಿಲ್ಡಿಂಗಿನ ಟೆರೇಸಿನಿಂದ ಇನ್ನೊಂದು ಬಿಲ್ಡಿಂಗಿನ ಟೆರೇಸಿಗೆ ಕರಿ ವೈರು ಬಂತು, ನಡುವೆ ತೆಂಗಿನ ಮರ ಸಿಕ್ಕಿದರೆ ಅದಕ್ಕೂ ಎರಡು ಸುತ್ತು ಹಾಕಿಕೊಂಡು. ಸರ್ಕಾರ ಇದಕ್ಕೊಂದು ಕಾನೂನು ಮಾಡಿದ್ದು 1995ರಲ್ಲಿ. ಅಷ್ಟು ಹೊತ್ತಿಗೆ ಏರಿಯಾಕ್ಕೊಬ್ಬ ಕೇಬಲ್‌ವಾಲಾ ರಾಜನಾಗಿ ಕೂತಾಗಿತ್ತು. ಯಾವ ಚಾನೆಲ್ ಬರಬೇಕು, ಯಾವುದು ಬೇಡ, ಎಲ್ಲ ಅವನ ಮರ್ಜಿ. 1994ರಲ್ಲಿ ಉದಯ ಟಿವಿ ಶುರುವಾದಾಗ ಡೋಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯ ಕನ್ನಡದವರು ಅವನ ಮುಂದೆ ನಿಂತು "ಭಾವು, ಉದಯ ಹಾಕಿ" ಅಂತ ಬೇಡಿಕೊಳ್ಳುತ್ತಿದ್ದರು. "ಬಿಲ್ಡಿಂಗ್‌ನಲ್ಲಿ ಎಷ್ಟು ಮದ್ರಾಸಿ ಮನೆ ಇದೆ?" ಅನ್ನುತ್ತಿದ್ದ ಅವನು. ಮದ್ರಾಸಿ ಅಂದದ್ದಕ್ಕೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಉದಯ ಬೇಕಲ್ವಾ? ಸಿಟ್ಟು ನುಂಗಿಕೊಂಡು ಪಕ್ಕದ ತಮಿಳರ ಮನೆಯನ್ನೂ ಸೇರಿಸಿ ಲೆಕ್ಕ ಕೊಡುತ್ತಿದ್ದರು.

ಅವನದ್ದೇ ಒಂದು ಚಾನೆಲ್ ಬೇರೆ ಇರುತ್ತಿತ್ತು. ಮಧ್ಯಾಹ್ನ ಹೊಸ ಸಿನಿಮಾ. ಹೀರೋಯಿನ್ ಸಾಯುವ ಹೊತ್ತಿಗೆ ಸರಿಯಾಗಿ ಅವಳ ಕುತ್ತಿಗೆಯ ಮೇಲಿಂದ "ಸ್ಟೇಷನ್ ಎದುರು ಸೀರೆ ಸೇಲ್" ಅಂತ ಅಕ್ಷರ ಓಡುತ್ತಿತ್ತು. ಮಳೆ ಬಂದರೆ ಪರದೆಯ ಮೇಲೆ ಹುಳ. ಆದರೂ ಒಂದು ಸುಖ ಇತ್ತು. ತಿಂಗಳ ಮೊದಲ ವಾರ ಅವನ ಹುಡುಗ ದುಡ್ಡಿಗೆ ಬರುತ್ತಿದ್ದ, ಬಾಗಿಲಲ್ಲೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದು, ಐವತ್ತು ರೂಪಾಯಿ ಹಿಡಿದಿಟ್ಟುಕೊಳ್ಳಬಹುದಿತ್ತು. ಮರುದಿನ ಹುಳ ಮಾಯ.

ಆಮೇಲೆ ಸುಧಾರಣೆ ಶುರುವಾಯಿತು. 2012ರಲ್ಲಿ ಮುಂಬೈಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ. 2019ರಲ್ಲಿ ಫೋನು, ಕೇಬಲ್‌ಗೆಲ್ಲ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್ ಹೊಸ ನಿಯಮ ತಂತು, ಬೇಕಾದ ಚಾನೆಲ್ ನೀವೇ ಆರಿಸಿ, ಅದಕ್ಕೆ ಮಾತ್ರ ದುಡ್ಡು ಕೊಡಿ ಅಂತ. ಕೇಳಲು ಎಷ್ಟು ಚಂದ! ನೂರು ಚಾನೆಲ್‌ವರೆಗೆ 130 ರೂಪಾಯಿ, ಅದರ ಮೇಲೆ ಟ್ಯಾಕ್ಸ್, ಅದರ ಮೇಲೆ ದುಡ್ಡಿನ ಚಾನೆಲ್‌ಗಳ ರೇಟು ಬೇರೆ. ಜನ ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದುಕೊಂಡು, ಪಟ್ಟಿಯಲ್ಲಿ ಟಿಕ್ ಹಾಕುತ್ತಾ ಕೂತರು. ಕೊನೆಗೆ ತಲೆ ಕೆಟ್ಟು "ನೀವೇ ಏನಾದರೂ ಒಂದು ಪ್ಯಾಕ್ ಹಾಕಿ ಮಾರಾಯ್ರೆ" ಅಂತ ಮತ್ತೆ ಕೇಬಲ್‌ವಾಲಾನ ಕೈಗೇ ಕೊಟ್ಟರು.

ಅಷ್ಟರಲ್ಲಿ ಪಾರಾಗುವ ದಾರಿಯೂ ತೆರೆದಿತ್ತು. 2016 ಒಂದೇ ವರ್ಷದಲ್ಲಿ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಸೆಪ್ಟೆಂಬರಿನಲ್ಲಿ ಜಿಯೋ, ಡಿಸೆಂಬರಿನಲ್ಲಿ ಪ್ರೈಮ್ ವಿಡಿಯೋ. ಜಾಹೀರಾತು ಇಲ್ಲ, ಪ್ಯಾಕ್ ಇಲ್ಲ, ಬೇಕಾದಾಗ ನೋಡು, ಬೇಡದಾಗ ಬಿಡು. ಒಂದು ಆ್ಯಪ್ ಇದ್ದರೆ ಸಾಕು ಅಂದರು. ಆಮೇಲೆ ಎರಡು ಬೇಕಾಯಿತು, ಯಾಕೆಂದರೆ ಸಿನಿಮಾ ಇಲ್ಲಿ, ಕ್ರಿಕೆಟ್ ಅಲ್ಲಿ. ಕನ್ನಡ ಸೀರಿಯಲ್ ಮೂರನೆಯದರಲ್ಲಿ, ಅತ್ತೆ ನೋಡುವ ಇನ್ನೊಂದು ಸೀರಿಯಲ್ ನಾಲ್ಕನೆಯದರಲ್ಲಿ. ಎಲ್ಲದಕ್ಕೂ ಬೇರೆ ಬೇರೆ ಪಾಸ್‌ವರ್ಡ್, ಎಲ್ಲದಕ್ಕೂ ಆಟೋ ಪೇ. ದುಡ್ಡು ಹೋದದ್ದು ಬ್ಯಾಂಕಿನ ಮೆಸೇಜ್ ಬಂದ ಮೇಲೆ ಗೊತ್ತಾಗುತ್ತದೆ. ಬಾಗಿಲಲ್ಲಿ ನಿಲ್ಲಿಸಿ ಬೈಯಲು ಯಾವ ಹುಡುಗನೂ ಇಲ್ಲ.

ಜಾಹೀರಾತು ಇಲ್ಲ ಅಂದಿದ್ದರಲ್ಲ, ಅದೂ ವಾಪಸ್ ಬಂತು. ಪ್ರೈಮ್ ವಿಡಿಯೋ 2025ರ ಜೂನ್‌ನಿಂದ ಭಾರತದಲ್ಲಿ ಜಾಹೀರಾತು ಶುರು ಮಾಡಿತು. ಬೇಡ ಅನ್ನುವವರು ವರ್ಷಕ್ಕೆ 699 ರೂಪಾಯಿ ಜಾಸ್ತಿ ಕೊಡಬೇಕು. ಸೀರೆ ಸೇಲ್‌ನವನು ಹೀರೋಯಿನ್ ಕುತ್ತಿಗೆಯ ಮೇಲೆ ಓಡಿದ್ದಕ್ಕೆ ನಮ್ಮಿಂದ ದುಡ್ಡು ಕೇಳಿರಲಿಲ್ಲ. ಓಡದೆ ಇರುವುದಕ್ಕೂ ಕೇಳಿರಲಿಲ್ಲ.

ಇನ್ನು ಹೆಸರುಗಳ ಕಥೆ. 2015ರಲ್ಲಿ ಹಾಟ್‌ಸ್ಟಾರ್ ಅಂತ ಬಂದದ್ದು 2020ರಲ್ಲಿ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಆಯಿತು, 2025ರಲ್ಲಿ ಜಿಯೋಹಾಟ್‌ಸ್ಟಾರ್ ಆಯಿತು. ಪ್ರತಿ ಸಲವೂ ಮನೆಯ ಹಿರಿಯರಿಗೆ ಹೊಸದಾಗಿ ಪಾಠ. "ಅಮ್ಮಾ, ಹಳೇದು ಹೋಯ್ತು, ಈಗ ಇದನ್ನು ಒತ್ತಬೇಕು." "ಹಳೇದ್ರಲ್ಲಿ ಅರ್ಧ ನೋಡಿದ್ದೆ ಮಗಾ, ಅದೂ ಹೋಯ್ತಾ?" ಇದಕ್ಕೆ ಉತ್ತರ ಕೊಡುವ ಕಸ್ಟಮರ್ ಕೇರ್ ಇನ್ನೂ ಹುಟ್ಟಿಲ್ಲ.

ಮಾವನವರು ಕುಂದಾಪುರದಿಂದ ಬಂದಿದ್ದಾಗ ಅಣ್ಣಾವ್ರ ಹಳೇ ಸಿನಿಮಾ ಬೇಕು ಅಂದರು. ರಿಮೋಟಿನಲ್ಲಿ ಒಂದೊಂದೇ ಅಕ್ಷರಕ್ಕೆ ಬಾಣ ಒತ್ತುತ್ತಾ ಕೂತರೆ ಸಿನಿಮಾ ಮುಗಿಯುವಷ್ಟು ಹೊತ್ತು ಬೇಕು, ಅದಕ್ಕೆ ಮೈಕ್ ಒತ್ತಿ ಕೊಟ್ಟೆ. "ರಾಜ್‌ಕುಮಾರ್" ಅಂದರು. ರಾಜ್‌ಕುಮಾರ್ ರಾವ್ ಬಂದರು. ಮಾವ ರಿಮೋಟನ್ನು ಬಾಯಿಯ ಹತ್ತಿರ ತಂದು, ಊರಿಗೆ ಟ್ರಂಕ್ ಕಾಲ್ ಮಾಡುವವರಂತೆ ಗಂಟಲು ಏರಿಸಿ "ಡಾಕ್ಟರ್ ರಾಜ್‌ಕುಮಾರ್" ಅಂದರು. ಆಸ್ಪತ್ರೆಯ ಸೀರಿಯಲ್‌ಗಳು ಸಾಲಾಗಿ ಬಂದವು. "ಬಿಡು ಮಾರಾಯ್ತಿ, ಚಂದನ ಹಾಕು" ಅಂದರು. ಚಂದನ ಎಲ್ಲಿಂದ ತರಲಿ? ನಾವು ಟಿವಿ ನೋಡಲ್ಲವಲ್ಲ.

ಕುಟುಂಬದ ವಿಷಯಕ್ಕೆ ಬರೋಣ. ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಅಂತ 2017ರಲ್ಲಿ ಟ್ವೀಟ್ ಮಾಡಿದ್ದು ಇದೇ ನೆಟ್‌ಫ್ಲಿಕ್ಸ್. 2023ರ ಜುಲೈಯಲ್ಲಿ ಭಾರತದವರಿಗೆ ಹೇಳಿತು, ಒಂದು ಅಕೌಂಟ್ ಒಂದೇ ಮನೆಯಲ್ಲಿರುವವರಿಗೆ ಮಾತ್ರ. ಮುಂಬೈ ಕನ್ನಡದವರನ್ನು ಒಂದು ಮಾತು ಕೇಳಬೇಕಿತ್ತು. ಅಪ್ಪ ಅಮ್ಮ ಊರಲ್ಲಿ, ಮಗ ಪುಣೆಯಲ್ಲಿ ಪಿಜಿ, ಮಗಳು ಬೆಂಗಳೂರಲ್ಲಿ, ಫ್ಲ್ಯಾಟ್ ಡೋಂಬಿವಲಿಯಲ್ಲಿ, ಹೋಟೆಲ್ ಅಂಧೇರಿಯಲ್ಲಿ. ಊರಿನ ನಾಗನ ಪೂಜೆಗೆ ವಂತಿಗೆ ಎತ್ತುವಾಗ ಇವರೆಲ್ಲ ಒಂದೇ ಮನೆ, ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಆ್ಯಪ್ ಲೆಕ್ಕದಲ್ಲಿ ಮಾತ್ರ ಒಂದು ವೈಫೈ ಕೆಳಗೆ ಮಲಗುವವರೇ ಮನೆಯವರು. ಹಾಗೆ ನೋಡಿದರೆ ನಮ್ಮ ಪಕ್ಕದ ಮನೆಯ ಹುಡುಗ, ಪಾಸ್‌ವರ್ಡ್ ಹೇಗೋ ಗಿಟ್ಟಿಸಿಕೊಂಡು ನಮ್ಮ ವೈಫೈ ಎಳೆಯುತ್ತಿರುವವನು, ನಮ್ಮ ಕುಟುಂಬಕ್ಕೆ ಸೇರಿದ. ಹೆತ್ತ ಮಗ ಹೊರಗಿನವನಾದ.

ಸೀರಿಯಲ್‌ನದ್ದು ಇನ್ನೂ ವಿಚಿತ್ರ. ದುಡ್ಡು ಕೊಟ್ಟರೆ ಕೆಲವು ಆ್ಯಪ್‌ಗಳಲ್ಲಿ ರಾತ್ರಿ ಟಿವಿಯಲ್ಲಿ ಬರುವ ಕಂತು ಅದಕ್ಕಿಂತ ಮೊದಲೇ ಸಿಗುತ್ತದೆ. ನಮ್ಮ ಬಿಲ್ಡಿಂಗಿನ ಒಬ್ಬ ಅಕ್ಕ ಅದನ್ನು ನೋಡಿ ಮುಗಿಸಿಯೇ ಮೀನು ತರಲು ಇಳಿಯುತ್ತಾರೆ. ಬಂಗುಡೆ ಬೆಲೆ ಚೌಕಾಶಿ ಮಾಡುತ್ತಾ, "ಇವತ್ತು ರಾತ್ರಿ ಅವಳಿಗೆ ಗೊತ್ತಾಗ್ತದೆ, ಮಗು ಅವನದ್ದಲ್ಲ ಅಂತ" ಅನ್ನುತ್ತಾರೆ. ಕೇಬಲ್ ಇಟ್ಟುಕೊಂಡ ಮೂರು ಮನೆಯವರ ರಾತ್ರಿ ಅಲ್ಲಿಗೆ ಹಾಳು. ಅವರಲ್ಲಿ ಒಬ್ಬರು ಈಗ ಆ ಅಕ್ಕನಿಗೆ ಹೆದರಿ ಬೇರೆ ಮಾರ್ಕೆಟ್‌ಗೆ ಹೋಗುತ್ತಾರೆ.

ಅದೇ ಕೇಬಲ್‌ವಾಲಾ ಏನಾದ ಅಂತ ಕೇಳಬಹುದು. ಅವನೇನೂ ಆಗಲಿಲ್ಲ, ಆರಾಮಾಗಿದ್ದಾನೆ. ಕರಿ ವೈರಿನ ಜಾಗದಲ್ಲಿ ಫೈಬರ್ ಎಳೆದಿದ್ದಾನೆ, ಅದೇ ಟೆರೇಸ್, ಅದೇ ತೆಂಗಿನ ಮರ. ಈಗ ಅವನ ಹತ್ತಿರ ಕಾಂಬೋ ಇದೆ, ಇಂಟರ್‌ನೆಟ್ಟಿನ ಜೊತೆ ಇಪ್ಪತ್ತು ಆ್ಯಪ್, ಅದರ ಮೇಲೆ ಟಿವಿ ಚಾನೆಲ್‌ಗಳು ಫ್ರೀ. ನಾವು ಎರಡು ಆ್ಯಪ್ ಸಾಕು ಅಂದರೆ "ಬಿಡಿ ಬಿಡಿಯಾಗಿ ತಗೊಂಡ್ರೆ ಜಾಸ್ತಿ ಆಗುತ್ತೆ ಕಾಕೂ" ಅನ್ನುತ್ತಾನೆ. ಲೆಕ್ಕ ಹಾಕಿದರೆ ಸರಿಯಾಗಿಯೇ ಇರುತ್ತದೆ, ಅದೇ ಹೊಟ್ಟೆಕಿಚ್ಚು.

ಆದರೆ ನಿಜವಾದ ಮಜಾ ನೋಡಬೇಕಿದ್ದರೆ ಐಪಿಎಲ್ ರಾತ್ರಿ ನಮ್ಮ ಬಿಲ್ಡಿಂಗಿಗೆ ಬರಬೇಕು. 2023ರಿಂದ ಐದು ವರ್ಷದ ಪ್ರಸಾರದ ಹಕ್ಕಿಗೆ 48,390 ಕೋಟಿ ರೂಪಾಯಿ ಸುರಿದಿದ್ದಾರೆ. ಮೊದಲು ಮೊಬೈಲಿನಲ್ಲಿ ಪುಕ್ಕಟೆ ತೋರಿಸಿ ರುಚಿ ಹತ್ತಿಸಿದರು, 2025ರಲ್ಲಿ ದುಡ್ಡು ಕಟ್ಟಿ ಅಂದರು. ಕಟ್ಟಿದೆವು. ಮೇಲಿನ ಮಾಳಿಗೆಯವರು ಎಲ್ಲಕ್ಕಿಂತ ದುಬಾರಿ ಪ್ಲ್ಯಾನ್ ತೆಗೆದುಕೊಂಡಿದ್ದಾರೆ, ಬಾಲಿನ ಹೊಲಿಗೆ ಎಣಿಸಬಹುದಾದಷ್ಟು ಸ್ಪಷ್ಟ ಚಿತ್ರ. ಏನು ಪ್ರಯೋಜನ? ಇಂಟರ್‌ನೆಟ್ಟಿನಲ್ಲಿ ಚಿತ್ರವನ್ನು ತುಂಡು ತುಂಡು ಮಾಡಿ ಕಳಿಸಿ, ಈ ಕಡೆ ಒಂದಿಷ್ಟು ಕೂಡಿಟ್ಟುಕೊಂಡು ತೋರಿಸುವ ಹೊತ್ತಿಗೆ ಕೇಬಲ್ಲಿಗಿಂತ ಹಿಂದೆ ಬಿದ್ದಿರುತ್ತದೆ. ಮೇಲಿನವರ ಟಿವಿಯಲ್ಲಿ ಬೌಲರ್ ಇನ್ನೂ ಪ್ಯಾಂಟಿಗೆ ಬಾಲ್ ಉಜ್ಜುತ್ತಿರುತ್ತಾನೆ, ಕೆಳಗಿನ ಮನೆಯ ಹಳೇ ಟಿವಿಯ ಮುಂದೆ ಕೂತ ಭಾವ "ಹೋದಾ!" ಅಂತ ಕಿರುಚಿರುತ್ತಾರೆ. ಹೆಚ್ಚು ದುಡ್ಡು ಕೊಟ್ಟವನಿಗೆ ವಿಕೆಟ್ ಕೊನೆಗೆ.

ಈ ವರ್ಷದ ಸೊಸೈಟಿ ಮೀಟಿಂಗ್‌ನಲ್ಲಿ ವಿಷಯ ಬಂದೇ ಬಂತು. ನೀರಿನ ಟ್ಯಾಂಕರ್, ಪಾರ್ಕಿಂಗ್, ಲಿಫ್ಟ್ ಆದ ಮೇಲೆ ಸೆಕ್ರೆಟರಿ ಗಂಭೀರವಾಗಿ ಓದಿದರು: ಕೇಬಲ್ ಇರುವ ಸದಸ್ಯರು ವಿಕೆಟ್ ಬಿದ್ದರೂ ಸಿಕ್ಸರ್ ಹೋದರೂ ಅರ್ಧ ನಿಮಿಷ ಬಾಯಿ ಮುಚ್ಚಿಕೊಂಡಿರತಕ್ಕದ್ದು. ಆ್ಯಪ್‌ನವರೆಲ್ಲ ಕೈ ಎತ್ತಿದರು. ಕೆಳಗಿನ ಮನೆಯ ಭಾವ ಒಂದು ಗಳಿಗೆ ಯೋಚಿಸಿ, "ಆಯ್ತು, ಅಡ್ಡಿಯಿಲ್ಲ. ಆದ್ರೆ ಸುಮ್ನೆ ಕೂರೋದಕ್ಕೆ ತಿಂಗಳಿಗೆ 149 ರೂಪಾಯಿ. ಫೈನಲ್ ದಿನದ್ದು ಬೇರೆ ಪ್ಯಾಕ್" ಅಂದರು.