ಚರ್ಚಿನ ಪ್ರಸಂಗಪೀಠದಿಂದ ರಾಜಕೀಯದ ಮಾತು ಬರಬೇಕೇ?

ಪರ: ಮೌನವೂ ಒಂದು ಬೋಧನೆಯೇ
(ಸಾಗರ ತಾಲ್ಲೂಕಿನ ಒಬ್ಬ ಕಥೋಲಿಕ ವಿಶ್ವಾಸಿ)

ಕಳೆದ ಮಳೆಗಾಲದ ಒಂದು ಭಾನುವಾರ, ನಮ್ಮ ಬೆಂಚಿನ ತುದಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಚರ್ಚಿನ ಬಲಿಪೂಜೆ (ಆರಾಧನೆ) ಮುಗಿಯುವವರೆಗೂ ಒಂದು ಪ್ಲಾಸ್ಟಿಕ್ ಚೀಲವನ್ನು ಎದೆಗೆ ಅವಚಿಕೊಂಡೇ ಇದ್ದರು. ಮಳೆಗೆ ನೆನೆಯದಂತೆ ಎರಡು ಸುತ್ತು ಸುತ್ತಿದ್ದರು. ಒಳಗಿದ್ದದ್ದು ಜಾಗ ಖಾಲಿ ಮಾಡಬೇಕೆಂಬ ನೋಟಿಸು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ನೀರಿಗೆ ಊರು ಬಿಟ್ಟುಕೊಟ್ಟ ಮನೆಗಳಲ್ಲಿ ಅವರದೂ ಒಂದು. ಬದಲಿಗೆ ನೆಲೆಸಿದ ಜಾಗದ ಹಕ್ಕುಪತ್ರ ಇನ್ನೂ ಕೈ ಸೇರಿಲ್ಲ. ಆ ದಿನ ಪೀಠದಿಂದ ಗುರುಗಳ ಪ್ರಬೋಧನೆ ತಾಳ್ಮೆಯ ಬಗ್ಗೆ ಇತ್ತು. ತಾಳ್ಮೆ ದೊಡ್ಡ ಗುಣವೇ. ಆದರೆ ಅರವತ್ತು ವರ್ಷ ಕಾದವರಿಗೆ ಇನ್ನೂ ತಾಳಿಕೊಳ್ಳಿ ಎಂದರೆ ಆ ಮಾತು ಯಾರಿಗೆ ಅನುಕೂಲ?

ಪೀಠ ಸುಮ್ಮನಿದ್ದರೆ ರಾಜಕೀಯ ಹೊರಗೇ ಉಳಿಯುತ್ತದೆ ಎಂದು ಹಲವರು ನಂಬಿದ್ದಾರೆ. ಉಳಿಯುವುದಿಲ್ಲ. ಅದು ಮೊಬೈಲಿನಲ್ಲಿ ಬರುತ್ತದೆ, ಜಾತಿಯಾಗಿ ಬರುತ್ತದೆ, ಪೂಜೆ ಕೊಂಕಣಿಯಲ್ಲೋ ಕನ್ನಡದಲ್ಲೋ ಎಂಬ ಜಗಳವಾಗಿ ಬರುತ್ತದೆ. ಕೇಳುವವರಿಲ್ಲದಿದ್ದರೆ ಅದೇ ಕೊನೆಗೆ ದೈವಶಾಸ್ತ್ರವೂ ಆಗುತ್ತದೆ. 1857ರಲ್ಲಿ ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್ಡ್ ಸಭೆಯ (ಚರ್ಚಿನ) ಸಿನೊಡ್, ಅಂದರೆ ಅದರ ಆಡಳಿತ ಸಮಾವೇಶ, ಬಿಳಿಯರೂ ಕರಿಯರೂ ಕೂಡಿ ಆರಾಧಿಸುವುದೇ ಬೈಬಲಿನ ವಾಕ್ಯಕ್ಕೆ ಒಪ್ಪುವ ಮಾತು ಎಂದು ಹೇಳಿತು. ಅದೇ ಉಸಿರಿನಲ್ಲಿ, ‘ಕೆಲವರ ದೌರ್ಬಲ್ಯದ ಕಾರಣ’ ಬೇರೆ ಕಟ್ಟಡದಲ್ಲಿ ಆರಾಧಿಸಲೂಬಹುದು ಎಂದಿತು. ಕೆಲವರ ಮುನಿಸು ತಪ್ಪಿಸಲು ಕೊಟ್ಟ ಆ ರಿಯಾಯಿತಿ ಪ್ರತ್ಯೇಕ ಸಭೆಗಳಾಗಿ ಬೆಳೆಯಿತು. ನೂರು ವರ್ಷ ತುಂಬುವ ಹೊತ್ತಿಗೆ ಅದೇ ಸಭೆಯ ಪಂಡಿತರು ವರ್ಣಭೇದ ನೀತಿಗೆ ಬೈಬಲಿನ ಆಧಾರ ಹುಡುಕಿ ಕೊಡುತ್ತಿದ್ದರು. ಅಲ್ಲಿ ಮೊದಲ ತಪ್ಪು ದ್ವೇಷದ ಮಾತಲ್ಲ, ಆಡಬೇಕಾದ ಮಾತನ್ನು ಆಡದಿದ್ದದ್ದು.

ನಮ್ಮ ಪೀಠಗಳು ಮಾತನಾಡಿಯೇ ಇಲ್ಲ ಎನ್ನಲಾರೆ. 2008ರಲ್ಲಿ ಕರಾವಳಿಯಲ್ಲೂ ಮಲೆನಾಡಿನಲ್ಲೂ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದಾಗ ದನಿಯೆತ್ತಿದೆವು. 2022ರಲ್ಲಿ ಕಾಯ್ದೆಯಾದ ಮತಾಂತರ ನಿಷೇಧ ಮಸೂದೆಯನ್ನೂ ವಿರೋಧಿಸಿದೆವು. ಎರಡೂ ಸರಿಯೇ. ಎರಡರಲ್ಲೂ ಪೆಟ್ಟು ಬಿದ್ದದ್ದು ನಮಗೇ ಎಂಬುದನ್ನೂ ಮರೆಯುವಂತಿಲ್ಲ. ಹಿಟ್ಲರನ ಕಾಲದಲ್ಲಿ, 1934ರ ಮೇ ತಿಂಗಳಲ್ಲಿ, ಜರ್ಮನಿಯ ಬಾರ್ಮೆನ್‌ನಲ್ಲಿ ನಾಜಿ ಹಿಡಿತದ ವಿರುದ್ಧ ಪ್ರೊಟೆಸ್ಟಂಟರು ಹೊರಡಿಸಿದ ಘೋಷಣೆಯನ್ನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ. ಅದರ ಕರಡು ಬಹುಪಾಲು ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಅವರದು. ಸಭೆಯ ಸ್ವಾತಂತ್ರ್ಯಕ್ಕಾಗಿ ಅಷ್ಟು ಧೀರವಾಗಿ ನಿಂತ ಆ ಘೋಷಣೆಯಲ್ಲಿ ಯೆಹೂದ್ಯರ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕಾಗಿ ಬಾರ್ತ್ ಮುಂದೆ ಪರಿತಪಿಸಿದರು. ನಮ್ಮ ಮುಂದಿರುವ ಪರೀಕ್ಷೆ ಇದೇ. ಮುಳುಗಡೆಯಾದ ಊರಿನ ನೆರೆಯವರು ಕ್ರೈಸ್ತರಲ್ಲದಿದ್ದರೂ ಅವರ ಪಹಣಿಗಾಗಿ ನಾವು ಬಾಯಿ ತೆರೆಯುತ್ತೇವೆಯೇ?

ಯಾರಿಗೆ ಮತ ಹಾಕಬೇಕೆಂದು ಗುರುಗಳು ಹೇಳಲಿ ಎಂದು ನಾನು ಕೇಳುತ್ತಿಲ್ಲ. ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟ 1950ರ ರಾಷ್ಟ್ರಪತಿ ಆದೇಶದ ಬಗ್ಗೆ ಹೇಳಲಿ. ಅದನ್ನು ಹೇಳುವ ದಿನವೇ ನಮ್ಮ ಮದುವೆ ಮಾತುಕತೆಗಳಲ್ಲಿ ಜಾತಿ ಹೇಗೆ ನುಸುಳುತ್ತದೆ ಎಂಬುದನ್ನೂ ಹೇಳಲಿ. ಎರಡನೆಯದು ಕಷ್ಟ, ಏಕೆಂದರೆ ಅದನ್ನು ಕೇಳಬೇಕಾದವರು ಎದುರಿಗೇ ಕುಳಿತಿರುತ್ತಾರೆ.

ವಿರೋಧ: ಪೀಠಕ್ಕೆ ಎದುರುಮಾತಿಲ್ಲ
(ಭದ್ರಾವತಿಯ ಸಿ.ಎಸ್.ಐ. ಎಂಬ ಪ್ರೊಟೆಸ್ಟಂಟ್ ಸಭೆಯ ಒಬ್ಬ ಸದಸ್ಯ)

ಸಾಗರದ ಗೆಳೆಯರ ಬರಹ ಓದಿದೆ. ಆ ಅಜ್ಜಿ ಮನಸ್ಸಿನಿಂದ ಹೋಗುತ್ತಿಲ್ಲ. ಆದರೂ ಅವರಿಗೆ ಬೇಕಾದದ್ದು ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ನಡೆದುಬರುವ ಇಬ್ಬರು ಎಂದೇ ನನಗೆ ಅನ್ನಿಸುತ್ತದೆ. ಅದಕ್ಕೆ ಪ್ರಸಂಗಪೀಠ ಬೇಕಿಲ್ಲ.

ನಮ್ಮದು ಕಬ್ಬಿಣದ ಕಾರ್ಖಾನೆಯ ಊರು. ಕೆಲಸಕ್ಕೆಂದು ಬಂದವರ ಮಕ್ಕಳು, ಮೊಮ್ಮಕ್ಕಳು ಸೇರಿ ಕಟ್ಟಿದ ಸಭೆ. ಒಂದೇ ಬೆಂಚಿನಲ್ಲಿ ಕನ್ನಡ, ತಮಿಳು, ತೆಲುಗು ಮನೆಮಾತಿನವರು ಕೂರುತ್ತಾರೆ. ಅದೇ ಬೆಂಚಿನಲ್ಲಿ ಮೂರು ಪಕ್ಷದವರೂ ಕೂರುತ್ತಾರೆ. 2023ರ ವಿಧಾನಸಭಾ ಚುನಾವಣೆ ಹತ್ತಿರವಿದ್ದಾಗ, ಹೊರಗಿನಿಂದ ಬಂದ ಬೋಧಕರೊಬ್ಬರು ಬೈಬಲಿನ ಕೀರ್ತನೆಯೊಂದನ್ನು ವಿವರಿಸುತ್ತಾ ಯಾವ ಪಕ್ಷ ಫರೋಹನ (ಇಸ್ರಾಯೇಲ್ಯರನ್ನು ಗುಲಾಮರಾಗಿ ದುಡಿಸಿದ ಈಜಿಪ್ಟಿನ ದೊರೆಯ) ಪಕ್ಷ ಎಂದು ಎಲ್ಲರಿಗೂ ತಿಳಿಯುವಂತೆ ಮಾತನಾಡಿದರು. ಇಪ್ಪತ್ತು ವರ್ಷ ಜೊತೆಯಾಗಿ ಕಾಣಿಕೆ ಚೀಲ ಹಿಡಿದ ಇಬ್ಬರು ಹಿರಿಯರು ಅಂದಿನಿಂದ ಮಾತು ಬಿಟ್ಟರು.

ಚಹಾದಂಗಡಿಯಲ್ಲಿ ಆ ಮಾತು ಬಂದಿದ್ದರೆ ಒಬ್ಬರು ಒಂದು ಹೇಳಿ, ಇನ್ನೊಬ್ಬರು ಇನ್ನೊಂದು ಹೇಳಿ, ಬಿಲ್ಲು ಯಾರು ಕೊಡಬೇಕೆಂದು ಜಗಳವಾಡಿ ಎದ್ದುಹೋಗುತ್ತಿದ್ದರು. ಗ್ರಾಮಸಭೆಯಲ್ಲಾದರೆ ಎದ್ದುನಿಂತು ಕೇಳಬಹುದು. ಪೀಠದೆದುರು ಯಾರೂ ಏಳುವುದಿಲ್ಲ. ಅಲ್ಲಿ ಒಬ್ಬ ಮನುಷ್ಯನ ಅಭಿಪ್ರಾಯಕ್ಕೆ ‘ಯೆಹೋವನು ಇಂತೆನ್ನುತ್ತಾನೆ’ ಎಂಬ ತೂಕ ಬಂದುಬಿಡುತ್ತದೆ. ನನಗೆ ಭಯ ಹುಟ್ಟಿಸುವುದು ಈ ತೂಕ.

ಗೆಳೆಯರು ಜರ್ಮನಿಯನ್ನು ನೆನಪಿಸಿದ್ದಾರೆ. ಅಲ್ಲಿನ ಪೀಠಗಳೇನೂ ಸುಮ್ಮನಿರಲಿಲ್ಲ. ‘ಜರ್ಮನ್ ಕ್ರೈಸ್ತರು’ ಎಂಬ ಗುಂಪು ನಾಜಿ ರಾಜಕೀಯವನ್ನೇ ಸುವಾರ್ತೆಯೆಂದು ಸಾರಿ 1933ರಲ್ಲಿ ಸಭೆಯೊಳಗಿನ ಚುನಾವಣೆಯನ್ನು ಗೆದ್ದಿತ್ತು. ಬಾರ್ಮೆನ್ ಘೋಷಣೆ ಎದ್ದದ್ದು ಆ ಅಬ್ಬರದ ವಿರುದ್ಧ: ಕ್ರಿಸ್ತನೊಬ್ಬನೇ ದೇವರ ವಾಕ್ಯ, ಅವನ ಪಕ್ಕದಲ್ಲಿ ಇನ್ನಾವ ಅಧಿಕಾರವನ್ನೂ ಕೂರಿಸಬೇಡಿ ಎಂದು. ಅಮೆರಿಕದಲ್ಲಿ ಗುಲಾಮಗಿರಿಯ ಪ್ರಶ್ನೆಗೆ ಪ್ರೊಟೆಸ್ಟಂಟ್ ಪಂಗಡಗಳಾದ ಮೆಥಡಿಸ್ಟರು 1844ರಲ್ಲಿ, ಬ್ಯಾಪ್ಟಿಸ್ಟರು 1845ರಲ್ಲಿ ಒಡೆದರು. ಎರಡೂ ಕಡೆಯ ಪೀಠಗಳಲ್ಲಿ ಅದೇ ಬೈಬಲ್ ಇತ್ತು. ಗುಲಾಮಗಿರಿಯ ಪರ ನಿಂತದ್ದಕ್ಕೆ ದಕ್ಷಿಣದ ಬ್ಯಾಪ್ಟಿಸ್ಟರು ಕ್ಷಮೆ ಕೇಳಿದ್ದು 1995ರಲ್ಲಿ. ಗುಲಾಮಗಿರಿಯನ್ನು ಖಂಡಿಸಿದವರು ಮಾತನಾಡಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಮಾತನಾಡಲೇಬೇಕಿತ್ತು, ಈ ಪ್ರಶ್ನೆಗೆ ನನ್ನ ವಾದ ಪೂರ್ತಿ ಉತ್ತರ ಕೊಡುವುದಿಲ್ಲ ಎಂದು ಒಪ್ಪುತ್ತೇನೆ. ಆದರೆ ನಮ್ಮ ಪ್ರತಿ ಚುನಾವಣೆಯೂ ಗುಲಾಮಗಿರಿಯ ಪ್ರಶ್ನೆಯಲ್ಲ. ಎಲ್ಲವನ್ನೂ ಹಾಗೆಂದು ಸಾರಿದರೆ ನಿಜವಾದ ಫರೋಹ ಬಂದ ದಿನ ನಮ್ಮ ಮಾತನ್ನು ನಂಬುವವರಿರುವುದಿಲ್ಲ.

ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಮಠದ ಸ್ವಾಮಿಗಳು ಒಂದು ಪಕ್ಷದ ಪರ ನಿಂತಾಗ ತಪ್ಪೆನ್ನುವ ನಾವು ನಮ್ಮ ಬೋಧಕರಿಗೆ ಬೇರೆ ಅಳತೆ ಇಟ್ಟುಕೊಳ್ಳಲಾಗದು.

ಯೇಸು ಆಳುವವರ ಪರವಾಗಿ ಸುಂಕ ವಸೂಲಿ ಮಾಡುತ್ತಿದ್ದ ಮತ್ತಾಯನನ್ನು ಸುಂಕದ ಕಟ್ಟೆಯಿಂದ ಎಬ್ಬಿಸಿ ಶಿಷ್ಯನಾಗಿ ಕರೆತಂದ. ಮತಾಭಿಮಾನಿ, ಅಂದರೆ ಅಂಥ ಆಳ್ವಿಕೆಯನ್ನು ಒಪ್ಪದವನು, ಎನಿಸಿಕೊಂಡ ಸೀಮೋನನನ್ನೂ ಕರೆದ. ಇಬ್ಬರಲ್ಲಿ ಯಾರ ರಾಜಕೀಯ ಸರಿ ಎಂದು ಅವನು ತೀರ್ಪು ಕೊಟ್ಟದ್ದು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದ. ಸುತ್ತಲಿನ ಊರಿಗೆ ನಮ್ಮ ಸಾಕ್ಷಿ ಎನ್ನುವುದೇನಾದರೂ ಇದ್ದರೆ ಅದು ಆ ಮೇಜು.

ಕಳೆದ ತಿಂಗಳು ಕರ್ತನ ಭೋಜನದ ದಿನ ಆ ಇಬ್ಬರು ಹಿರಿಯರೂ ಬಂದಿದ್ದರು. ಬಹಳ ದಿನಗಳ ನಂತರ ಒಂದೇ ಸಾಲಿನಲ್ಲಿ ಮೊಣಕಾಲೂರಿದರು, ನಡುವೆ ಒಬ್ಬರಿಗೆ ಸಾಕಾಗುವಷ್ಟು ಜಾಗ ಬಿಟ್ಟು. ರೊಟ್ಟಿ ಹಂಚುತ್ತಾ ಬಂದ ಸಭಾಪಾಲಕರು ಆ ಖಾಲಿ ಜಾಗದೆದುರು ಒಂದು ಕ್ಷಣ ನಿಂತು ಮುಂದೆ ಹೋದರು.