1 ಮಿ.ಮೀ. ಏರೋಜೆಲ್ ಬಣ್ಣ: ಒಂದು ಸ್ಪಷ್ಟನೆ

‘ಏರೋಜೆಲ್ ಬೆರೆಸಿದ ಬಣ್ಣ 1 ಮಿ.ಮೀ. ಬಳಿದರೆ ಸಾಕು, 4 ಇಂಚು ಥರ್ಮಾಕೋಲ್ ಹಾಕಿದಷ್ಟೇ ಶಾಖ ತಡೆಯುತ್ತದೆ’ ಅನ್ನೋ ಮೆಸೇಜ್ ಓಡಾಡುತ್ತಿದೆ. ಹೋದ ವಾರ ನಾನೂ ಕಳಿಸಿದ್ದೆ. ಅದು ತಪ್ಪು.

ಏರೋಜೆಲ್ ಶಾಖ ತಡೆಯುವ, ತೀರಾ ಹಗುರವಾದ ಒಳ್ಳೆಯ ವಸ್ತುವೇ. ಅದರೊಳಗೆ ಶೇ. 90ಕ್ಕಿಂತ ಜಾಸ್ತಿ ಬರೀ ಗಾಳಿ. ತುಂಡೊಂದನ್ನು ಅಂಗೈ ಮೇಲಿಟ್ಟರೆ ಗಟ್ಟಿಯಾದ ನೀಲಿ ಹೊಗೆಯ ಹಾಗೆ ಕಾಣುತ್ತದೆ. ಆದರೆ ಲೆಕ್ಕ ನೋಡಿ. ಶಾಖ ದಾಟಿಸುವ ಪ್ರಮಾಣ (ಕಡಿಮೆ ಇದ್ದಷ್ಟೂ ಒಳ್ಳೆಯದು) ಥರ್ಮಾಕೋಲ್‌ನದು ಸುಮಾರು 0.035, ಕಟ್ಟಡಕ್ಕೆ ಬಳಸುವ ಏರೋಜೆಲ್ ಹಾಳೆಯದು ಸುಮಾರು 0.018. ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು ಮೇಲು, ಮೆಸೇಜ್ ಹೇಳುವ ಹಾಗೆ ನೂರು ಪಟ್ಟಲ್ಲ (4 ಇಂಚು ಅಂದರೆ ಸುಮಾರು 100 ಮಿ.ಮೀ.). 4 ಇಂಚು ಥರ್ಮಾಕೋಲ್‌ಗೆ ಸಮ ಆಗಬೇಕಾದರೆ 2 ಇಂಚು ದಪ್ಪದ ಏರೋಜೆಲ್ಲೇ ಬೇಕು. ಬಣ್ಣದಲ್ಲಿ ಬೆರೆಸಿದಾಗ ಆ ಗುಣ ಇನ್ನೂ ಇಳಿಯುತ್ತದೆ.

ತಾರಸಿಗೆ ಬಿಳಿ ಬಣ್ಣ ಬಳಿದರೆ ಮನೆ ತಂಪಾಗುವುದು ನಿಜ. ಅದು ಬಿಸಿಲನ್ನು ವಾಪಸ್ ಕಳಿಸುವುದರಿಂದ. ಆ ಕೆಲಸವೇ ಬೇರೆ, ಅಲ್ವಾ?

ದಯವಿಟ್ಟು ಆ ಮೆಸೇಜನ್ನು ಇನ್ಯಾರಿಗೂ ಫಾರ್ವರ್ಡ್ ಮಾಡಬೇಡಿ.